ಏಳನೇ ಸರದಿಯ ಜೀಪು

ರುಬಿಯೆಲಾ ಅರ್ಬೆಲಾಯೆಸ್ ತನ್ನ ಐವತ್ತಾರು ವರ್ಷಗಳಲ್ಲಿ ಚೆನ್ನಾಗಿದೆ ಅಂತ ಒಪ್ಪಿಕೊಂಡದ್ದು ಎರಡೇ ಎರಡು ಗಾಡಿಗಳನ್ನು. ಒಂದು, ಅವಳ ಅಪ್ಪನ ವಿಲ್ಲಿಸ್ ಜೀಪು. ಇನ್ನೊಂದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವಷ್ಟರಲ್ಲಿ ಅವಳ ಮರ್ಯಾದೆ ಮೂರಾಬಟ್ಟೆಯಾಗಿತ್ತು.

ಮಿಕ್ಕ ಗಾಡಿಗಳೆಲ್ಲ ಅವಳ ಪಾಲಿಗೆ ತಗಡು. ಅವುಗಳನ್ನು ಕೊಂಡವರು ತಗಡಿಗಿಂತ ಕಡೆ. ಇದನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ. ಲಾ ಎಸ್ಪೆರಾ ಊರಿನ ಚೌಕದಲ್ಲಿ ನಿಂತು, ಚರ್ಚಿನ ಮೆಟ್ಟಿಲವರೆಗೂ ಕೇಳಿಸುವ ಹಾಗೆ ಹೇಳುವವಳು.

ಆ ಚೌಕದಲ್ಲಿ ಬೆಳಗಿನ ಐದಕ್ಕೇ ಜೀಪುಗಳು ಸಾಲುಗಟ್ಟುತ್ತವೆ. ಒಂದೊಂದಕ್ಕೂ ಒಂದು ಸರದಿ, ಒಂದು ಬೆಟ್ಟದ ಹಳ್ಳಿ. ಏಳನೇ ಸರದಿ ಎಲ್ ಸಿಲೆನ್ಸಿಯೊ ಹಳ್ಳಿಯದು. ಹದಿನಾಲ್ಕು ಕಿಲೋಮೀಟರು ಬರೀ ಏರು, ಕಲ್ಲು, ಕೆಸರು. ಹತ್ತುವಾಗ ಮೇಷ್ಟರು, ಗ್ಯಾಸ್ ಸಿಲಿಂಡರು, ಕೋಳಿಮರಿ. ಇಳಿಯುವಾಗ ಕಾಫಿ ಮೂಟೆ, ಬಾಳೆಗೊನೆ, ಆಸ್ಪತ್ರೆಗೆ ಹೊರಟ ಬಸುರಿಯರು. ಸರದಿ ಮೊದಲು ಅವಳ ಅಪ್ಪನದಾಗಿತ್ತು, ಅವನು ಸತ್ತ ಮೇಲೆ ಇಪ್ಪತ್ತೆರಡು ವರ್ಷದಿಂದ ಅವಳದು. ಇಡೀ ಸಾಲಿನಲ್ಲಿ ಸ್ಟೇರಿಂಗ್ ಹಿಡಿದ ಹೆಂಗಸು ಅವಳೊಬ್ಬಳೇ. ಗಂಡ ಸತ್ತಾಗ ಮೂರು ದಿನ ಅತ್ತಿದ್ದಳು, ನಾಲ್ಕನೇ ದಿನ ಸರದಿಗೆ ಬಂದು ನಿಂತಿದ್ದಳು.

ಜೀಪು ಕೊಳ್ಳುವವರು ಮೊದಲು ಅವಳನ್ನು ಕರೆಯುತ್ತಿದ್ದರು. ಬೈಸಿಕೊಳ್ಳುವುದು ಖಂಡಿತ ಅಂತ ಗೊತ್ತಿದ್ದೂ ಕರೆಯುತ್ತಿದ್ದರು, ಯಾಕೆಂದರೆ ಅವಳ ಬಳಿ ಚಮಚ ಇತ್ತು. ಅವಳ ಅಮ್ಮ ಸೂಪು ಬಡಿಸುತ್ತಿದ್ದ ಹಳೇಕಾಲದ ದಪ್ಪ ಉಕ್ಕಿನ ಚಮಚ. ಹೆಗಲ ಮೇಲಿನ ಟವೆಲನ್ನು ನೆಲಕ್ಕೆ ಹಾಸಿ, ಗಾಡಿಯ ಅಡಿಗೆ ತೂರಿ, ಚಾಸಿಯ ಎರಡು ತೊಲೆಗಳನ್ನು ಮೂತಿಯಿಂದ ಬಾಲದವರೆಗೆ ಗೇಣುಗೇಣಿಗೂ ಬಡಿಯುತ್ತಿದ್ದಳು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದದ್ದು, ಬಿರುಕು ಬಿಟ್ಟದ್ದು, ಪುಟ್ಟಿ ಮೆತ್ತಿ ಬಣ್ಣ ಬಳಿದದ್ದು ದಪ್ ಅನ್ನುತ್ತದೆ. ಕಣ್ಣಿಗೆ ಮೋಸ ಮಾಡಬಹುದು, ಚಮಚಕ್ಕೆ ಆಗುವುದಿಲ್ಲ.

ಆಮೇಲೆ ಎದ್ದು ಬಂದು ತೀರ್ಪು. ಚರ್ಚಿನ ಪಾದ್ರಿಗೆ ಹೇಳಿದಳು, "ಫಾದರ್, ಇದಕ್ಕೆ ಮೆಕ್ಯಾನಿಕ್ ಬೇಡ, ನಿಮ್ಮ ಕೊನೇ ಪ್ರಾರ್ಥನೆ ಸಾಕು." ಮದುವೆ ನಿಶ್ಚಯವಾಗಿದ್ದ ಕಟುಕನ ಮಗ ಒಂದು ಕೆಂಪು ಜೀಪು ತೋರಿಸಿದಾಗ, "ಹುಡುಗೀನೂ ಹೀಗೇ ಬಣ್ಣ ನೋಡಿ ಒಪ್ಪಿದ್ಯಾ? ಪಾಪ, ಯಾರ ಮನೆ ಮಗಳೋ," ಅಂದಳು. ಸಾಲಿನಲ್ಲಿ ನಿಂತ ಹದಿನೈದು ಡ್ರೈವರುಗಳಲ್ಲಿ ಅವಳ ಬಾಯಿಂದ ಪಾರಾದವನು ಒಬ್ಬನೂ ಇರಲಿಲ್ಲ. ಅವರು ಹಲ್ಲು ಕಿರಿದು ಸುಮ್ಮನಾಗುತ್ತಿದ್ದರು. ನಮ್ಮ ಡ್ರೈವರುಗಳು ಎದೆಗಾರರು ಅಂತ ಯಾರೋ ಹಾಡಿ ಹೊಗಳುತ್ತಾರೆ. ಹಾಡುವವನು ಪೇಟೆಯವನಿರಬೇಕು.

ಎಲ್ಲರಿಗಿಂತ ಹೆಚ್ಚು ಅವಳ ಬಾಯಿಗೆ ಸಿಕ್ಕವನು ಎಂಟನೇ ಸರದಿಯ ಗಿಲ್ದಾರ್ದೊ. ಅವಳ ಅಪ್ಪನ ಕಾಲದಿಂದಲೂ ಸಾಲಿನಲ್ಲಿದ್ದವನು, ಎಪ್ಪತ್ತಮೂರು ವರ್ಷದ ಒಂಟಿ ಮುದುಕ. ಅವನ ಹಸಿರು ವಿಲ್ಲಿಸ್ ಏಳನೇ ಸರದಿಯ ಹಿಂದೆಯೇ, ಅದೇ ದಾರಿಯಲ್ಲಿ ಹೊರಡುತ್ತದೆ. ಬೇರೆಯವರು ಹದಿನಾರು ಜನರನ್ನು ತುಂಬಿ, ಹಿಂದಿನ ಬಂಪರಿನ ಮೇಲೂ ನಾಲ್ವರನ್ನು ನೇತುಹಾಕಿಕೊಂಡು ಹೋದರೆ ಅವನು ಹತ್ತೇ ಜನಕ್ಕೆ ಸಾಕು ಅನ್ನುತ್ತಿದ್ದ. ಏರಿನಲ್ಲೂ ಇಳಿಜಾರಿನಲ್ಲೂ ಫಸ್ಟ್ ಗೇರ್ ಬಿಟ್ಟು ಬೇರೆ ಗೇರಿಗೆ ಹೋಗುತ್ತಿರಲಿಲ್ಲ. ದಿನಾ ಸಂಜೆ ಪೈಪು ಹಿಡಿದು ಗಾಡಿಯ ಹೊಟ್ಟೆ ಅಡಿಯ ಕೆಸರು ತೊಳೆಯುತ್ತಿದ್ದ.

ಅವನ ಜೀಪು ಚೌಕಕ್ಕೆ ತೆವಳಿಕೊಂಡು ಬರುವಾಗ ರುಬಿಯೆಲಾ ಒಂದು ದಿನ ಕೂಗಿದಳು. "ದಾರಿ ಬಿಡ್ರಪ್ಪೋ, ಮದುಮಗಳು ಬರ್ತಿದ್ದಾಳೆ."

ಚೌಕಕ್ಕೆ ಚೌಕವೇ ನಕ್ಕಿತು. ಇಪ್ಪತ್ತು ವರ್ಷ ನಗುತ್ತಲೇ ಇತ್ತು. ಜೀಪಿಗೆ ಮದುಮಗಳು ಅನ್ನುವ ಹೆಸರೇ ಅಂಟಿಕೊಂಡಿತು. ಗಿಲ್ದಾರ್ದೊ ಒಂದು ದಿನವೂ ಉತ್ತರ ಕೊಡಲಿಲ್ಲ. ಉತ್ತರ ಕೊಡದವನನ್ನು ಕಂಡರೆ ರುಬಿಯೆಲಾಗೆ ಇನ್ನಷ್ಟು ತಾತ್ಸಾರ.

ತಾತ್ಸಾರಕ್ಕೆ ಅವಳ ಬಳಿ ಕಾರಣವಿತ್ತು, ಅದು ಊರಿಗೆಲ್ಲ ಒಪ್ಪಿಗೆಯಾದ ಕಾರಣ. ವರ್ಷಕ್ಕೊಮ್ಮೆ ಊರು ಹುಟ್ಟಿದ ದಿನ ನಮ್ಮಲ್ಲಿ ಜೀಪುಗಳ ಮೆರವಣಿಗೆ. ಹಿಂಬದಿಗೆ ಮೂಟೆ ಮೇಲೆ ಮೂಟೆ ಹೇರುತ್ತಾರೆ, ಮುಂದಿನ ಎರಡು ಗಾಲಿ ಗಾಳಿಗೆ ಏಳುವವರೆಗೆ. ಜೀಪು ಹಿಂಗಾಲಿನ ಮೇಲೆ ನಿಂತು ಗಿರ್ರನೆ ಸುತ್ತು ಹಾಕುತ್ತದೆ. ಡ್ರೈವರು ಕೆಳಗಿಳಿದು ಪಕ್ಕದಲ್ಲಿ ನಡೆಯುತ್ತಾ ಜನಕ್ಕೆ ಟೋಪಿ ಎತ್ತುತ್ತಾನೆ. ಹಾಗೆ ಒಮ್ಮೆಯಾದರೂ ಎದ್ದು ನಿಲ್ಲದ ಜೀಪು ಜೀಪೇ ಅಲ್ಲ ಅಂತ ನಮ್ಮವರ ನಂಬಿಕೆ. ಗಿಲ್ದಾರ್ದೊನ ಗಾಡಿ ಒಮ್ಮೆಯೂ ಎದ್ದಿರಲಿಲ್ಲ. ಆನ್ಸಿಸಾರ್ ಎಂಬುವನ ಕಪ್ಪು ಜೀಪು ಆ ಪಂದ್ಯವನ್ನು ಒಂಬತ್ತು ವರ್ಷ ಗೆದ್ದಿತ್ತು. ಅದರ ಬಾನೆಟ್ಟಿನ ಮೇಲೆ ಕೆನೆಯುವ ಕುದುರೆಯ ಚಿತ್ರ, ಅದಕ್ಕೆ ಪೊತ್ರೊ ಅಂತ ಹೆಸರು, ಮರಿಗುದುರೆ ಅಂತ ಅರ್ಥ. ಊರಿನ ಗಂಡಸರು ಹಾದುಹೋಗುವಾಗ ಅದರ ಬಾನೆಟ್ಟು ಮುಟ್ಟಿ ಹೋಗುತ್ತಿದ್ದರು. ಸ್ವಂತ ಹೆಂಡತಿಯನ್ನು ಅಷ್ಟು ಮೆಲ್ಲಗೆ ಮುಟ್ಟಿದ್ದನ್ನು ನಾನು ಕಂಡಿಲ್ಲ.

ರುಬಿಯೆಲಾಗೂ ಪೊತ್ರೊ ಮೇಲೆ ಆಸೆ ಇತ್ತು. ಬೇರೆಯವರ ಗಾಡಿಗಳಲ್ಲಿ ಅವಳು ಬೈಯದೆ ಬಿಟ್ಟದ್ದು ಅದೊಂದೇ, ಬಾಯಿಬಿಟ್ಟು ಹೊಗಳಿಯೂ ಇರಲಿಲ್ಲ. ಮೆರವಣಿಗೆಯ ದಿನ ಅದು ಎದ್ದು ನಿಂತಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಧೂಳು ಬಿತ್ತು ಅನ್ನುತ್ತಿದ್ದಳು.

ಹೀಗಿರುವಾಗ ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಅವಳ ಅಪ್ಪನ ಜೀಪು ಸತ್ತಿತು. ಒಂದು ಭಾನುವಾರ ಚಾಸಿಯ ಎರಡು ತೊಲೆಯೂ ತುಕ್ಕಿಗೆ ಪುಡಿಯಾಗಿ, ವೆಲ್ಡಿಂಗ್ ಹಿಡಿಸಲು ಕಬ್ಬಿಣವೇ ಉಳಿದಿರಲಿಲ್ಲ. ಅರವತ್ತು ವರ್ಷ ದುಡಿದ ಗಾಡಿ. ಸಾಯುವ ಹಕ್ಕು ಅದಕ್ಕಿತ್ತು.

ಆದರೆ ಚೌಕದ ಕಟ್ಟಳೆ ಯಾರ ಸಾವಿಗೂ ಕಾಯುವುದಿಲ್ಲ. ಸತತ ಮೂರು ಸಂತೆ ಶನಿವಾರ ಸರದಿ ಖಾಲಿ ಬಿದ್ದರೆ ಅದು ಪಟ್ಟಿಯಲ್ಲಿ ಮುಂದಿರುವವನ ಪಾಲು. ಪಟ್ಟಿಯಲ್ಲಿ ಹನ್ನೊಂದು ಜನ ನಾಲಿಗೆ ಚಾಚಿಕೊಂಡು ನಿಂತಿದ್ದರು. ಸರದಿ ಹೋದರೆ ರುಬಿಯೆಲಾ ಪೇಟೆಗೆ ಹೋಗಿ ತಂಗಿಯ ಅಂಗಡಿಯಲ್ಲಿ ಎಂಪನಾದ ಅನ್ನುವ ಖಾರದ ಕಡುಬು ಕರಿಯಬೇಕು. ತಂಗಿ ಆಗಲೇ ಒಂದು ಏಪ್ರನ್ ತೆಗೆದಿಟ್ಟಿದ್ದೇನೆ ಅಂತ ಫೋನಿನಲ್ಲಿ ಹೇಳಿದ್ದಳು, ಬಲು ಪ್ರೀತಿಯಿಂದ. ರುಬಿಯೆಲಾ ಆ ರಾತ್ರಿ ಊಟ ಮಾಡಲಿಲ್ಲ. ದಿನವೂ ಓಡಬಲ್ಲ, ಬೆಟ್ಟ ಹತ್ತಬಲ್ಲ ಒಂದು ಹಳೆಯ ಜೀಪನ್ನು ಮೂರನೇ ಶನಿವಾರದೊಳಗೆ ಆರಿಸಿಕೊಳ್ಳಬೇಕಿತ್ತು.

ಮೊದಲು ಬಂದವನು ತಂಗಿಯ ಮಗ ದುಬೆರ್ನೆ, ಪೇಟೆಯಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಮಾರುವವನು. ಬೆಳ್ಳಿ ಬಣ್ಣದ ದೊಡ್ಡ ಗಾಡಿಯೊಂದನ್ನು ತಂದು ಅವಳ ಮನೆ ಮುಂದೆ ನಿಲ್ಲಿಸಿದ. ಒಳಗಿಂದ ಸಾಬೂನಿನ ವಾಸನೆ ಬರುತ್ತಿತ್ತು.

"ಫೋರ್ ವೀಲ್ ಡ್ರೈವ್, ದೊಡ್ಡಮ್ಮ. ಬರೀ ನಾಲ್ಕು ವರ್ಷ ಹಳೇದು. ಹಿಂದೆ ನೋಡೋಕೆ ಕ್ಯಾಮೆರಾನೂ ಇದೆ."

"ಹಿಂದೆ ನೋಡಿಕೊಂಡು ನಾನೆಲ್ಲಿಗೆ ಹೋಗ್ಲಿ? ಹಂದಿ ಎಲ್ಲಿ ಕೂರುತ್ತೆ?"

"ಯಾವ ಹಂದಿ?"

"ಬುಧವಾರ ಬುಧವಾರ ಹಂದಿ ಬರುತ್ತೆ ಕಣೋ. ಹಿಂದೆ ನಾಲ್ಕು ಜನ ನಿಲ್ಲೋಕೆ ಜಾಗ ಎಲ್ಲಿದೆ?"

"ಈಗೆಲ್ಲ ಹಾಗೆ ನಿಲ್ಲಬಾರದು, ದೊಡ್ಡಮ್ಮ. ಸೇಫ್ಟಿ."

ಅವಳು ಟವೆಲು ಹಾಸಿ ಅಡಿಗೆ ತೂರಿದಳು. ಅಡಿಯಲ್ಲೆಲ್ಲ ಪ್ಲಾಸ್ಟಿಕ್ಕಿನ ಮುಚ್ಚಳ. ಬಡಿಯಲು ಕಬ್ಬಿಣ ಹುಡುಕಿ ಹುಡುಕಿ ಸಾಕಾಗಿ ಎದ್ದು ಬಂದಳು.

"ಮೇಲೆ ಥಳುಕು ಒಳಗೆ ಹುಳುಕು ಅಂತಾರೆ. ಇದರಲ್ಲಿ ಹುಳುಕಾಗೋಕೂ ಏನಿಲ್ಲ. ತಗೊಂಡು ಹೋಗು. ಮಳೆ ಬಂದರೆ ನೆನೆದೀತು."

ದುಬೆರ್ನೆ ಬೆಲ್ಲದ ನೀರನ್ನೂ ಕುಡಿಯದೆ ಹೊರಟುಹೋದ. ಮೊದಲ ಶನಿವಾರ ಏಳನೇ ಸರದಿ ಖಾಲಿ ಉಳಿಯಿತು. ಅವಳ ಪ್ರಯಾಣಿಕರನ್ನು ಗಿಲ್ದಾರ್ದೊ ಎರಡು ಸುತ್ತಿನಲ್ಲಿ ಹತ್ತಿಸಿದ.

ಎರಡನೇ ಶನಿವಾರ ಅದೇ ಗಿಲ್ದಾರ್ದೊ ಜೀಪನ್ನು ಸಾಲಿನಲ್ಲಿ ನಿಲ್ಲಿಸಿ, ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾ ಅವಳ ಹತ್ತಿರ ಬಂದ. ಡ್ರೈವರುಗಳೆಲ್ಲ ಕಪ್ಪು ಕಾಫಿ ಕುಡಿಯುತ್ತಾ ಅಲ್ಲೇ ನಿಂತಿದ್ದರು.

"ರುಬಿಯೆಲಾ, ನನ್ನ ಕಣ್ಣು ಹೋಗ್ತಾ ಇದೆ. ಡಾಕ್ಟರು ಗಾಡಿ ಬಿಡು ಅಂದರು. ಇದನ್ನ ನೀನು ತಗೊ. ಬೆಲೆ ನೀನೇ ಹೇಳು."

"ನಾನಾ? ಇದನ್ನಾ?"

"ಹೋಟೆಲಿನವರು ಕೇಳ್ತಿದ್ದಾರೆ. ಅಂಗಳದಲ್ಲಿ ನಿಲ್ಲಿಸಿ ಒಳಗೆ ಹೂವಿನ ಗಿಡ ಬೆಳೆಸ್ತಾರಂತೆ, ಟೂರಿಸ್ಟುಗಳು ಫೋಟೋ ತೆಗೆಯೋಕೆ. ನನಗೆ ಮನಸ್ಸಿಲ್ಲ. ಇದು ಇನ್ನೂ ದುಡಿಯೋ ಗಾಡಿ."

ಹದಿನೈದು ಜನ ನೋಡುತ್ತಿದ್ದರು. ನೋಡುವವರಿದ್ದರೆ ರುಬಿಯೆಲಾಗೆ ತಡೆಯಲಾಗುತ್ತಿರಲಿಲ್ಲ. ಚಮಚ ತೆಗೆದು ಎಲ್ಲರಿಗೂ ತೋರಿಸಿ, "ಮದುಮಗಳ ಸೆರಗು ಎತ್ತಿ ನೋಡೋಣ ಬನ್ನಿ," ಅಂತ ಅಡಿಗೆ ತೂರಿದಳು.

ಬಡಿದಳು. ಠಣ್. ಮುಂದೆ ಬಡಿದಳು. ಠಣ್. ಸ್ಪ್ರಿಂಗು ಕೂರುವ ಕಡೆ, ಎಲ್ಲ ಜೀಪುಗಳೂ ಮೊದಲು ಬಿರಿಯುವ ಕಡೆ, ಎರಡೆರಡು ಸಲ ಬಡಿದಳು. ಚರ್ಚಿನ ಗಂಟೆಯ ಹಾಗೆ ನಾದ ಬಂತು. ಎಡ ತೊಲೆ, ಬಲ ತೊಲೆ, ಅಡ್ಡಪಟ್ಟಿ, ಬಾಲ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಚಾಸಿಯನ್ನು ಅವಳು ಕೇಳಿರಲಿಲ್ಲ. ಹೊರಗೆ ಯಾರೋ ಕಿಸಕ್ಕನೆ ನಕ್ಕರು, ಅವಳ ಮಾತಿಗೆ ಕಾಯುತ್ತಿದ್ದರು.

ಎದ್ದು ಬಂದು ಟವೆಲು ಕೊಡವಿದಳು.

"ಒಂದು ಗಾಯ ಇಲ್ಲ, ಒಂದು ಗೀರಿಲ್ಲ. ಗಾಯ ಇಲ್ಲದ ಜೀಪು ಅಂದ್ರೆ ದುಡೀದೆ ಕೂತ ಜೀಪು. ಹೋಟೆಲಿನವರಿಗೇ ಕೊಡಿ, ದೋನ್ ಗಿಲ್ದಾರ್ದೊ. ಹೂವು ಮುಡಿಯೋ ವಯಸ್ಸು ಅದಕ್ಕೆ. ನಾನು ವಿಧವೆ, ನನಗ್ಯಾಕೆ ಮದುಮಗಳು?"

ಚೌಕ ನಕ್ಕಿತು. ಗಿಲ್ದಾರ್ದೊ ಬಂಪರು, ಮಡ್‌ಗಾರ್ಡು, ಬಾಗಿಲು ಹೀಗೆ ತಡವಿಕೊಂಡು ಹೋಗಿ ಸೀಟಿನಲ್ಲಿ ಕೂತ. ನಾದ ಕೇಳಿದ್ದು ಇಬ್ಬರೇ, ಅವಳು ಮತ್ತು ಅವನು. ಉಳಿದವರು ನಗುವುದಕ್ಕೆ ಕಿವಿ ತೆರೆದಿದ್ದರೇ ಹೊರತು ಕೇಳುವುದಕ್ಕಲ್ಲ. ಎರಡನೇ ಶನಿವಾರವೂ ಹೋಯಿತು.

ಮುಂದಿನ ಗುರುವಾರ ಆನ್ಸಿಸಾರ್ ಪೊತ್ರೊ ಮಾರುತ್ತಾನೆ ಅನ್ನುವ ಸುದ್ದಿ ಬಂತು. ಯಾಕೆ ಮಾರುತ್ತಾನೆ ಅಂತ ಕೇಳಬೇಕಿತ್ತು. ಬೇರೆಯವರ ಗಾಡಿಯಾಗಿದ್ದರೆ ರುಬಿಯೆಲಾ ಅದನ್ನೇ ಮೊದಲು ಕೇಳುತ್ತಿದ್ದಳು. ಈ ಸಲ ಹಾಸಿಗೆ ಅಡಿಯಿಂದ ದುಡ್ಡು ಕೂಡಿಟ್ಟಿದ್ದ ಬಿಸ್ಕತ್ತಿನ ಡಬ್ಬಿ ತೆಗೆದು, ಶುಕ್ರವಾರ ಮಧ್ಯಾಹ್ನ ಸ್ನಾನ ಮಾಡಿ, ಚರ್ಚಿಗೆ ಹೋಗುವ ಅಂಗಿ ಹಾಕಿಕೊಂಡು ಚೌಕಕ್ಕೆ ಬಂದಳು.

ಪೊತ್ರೊ ಹೊಸ ಕಪ್ಪು ಬಣ್ಣದಲ್ಲಿ ಮಿಂಚುತ್ತಿತ್ತು. ಸಾಲಿನ ಡ್ರೈವರುಗಳೆಲ್ಲ ಸುತ್ತ ನಿಂತಿದ್ದರು. ಅವಳು ಎಂಜಿನ್ ಕೇಳಿದಳು, ಗೇರು ಹಾಕಿದಳು, ಕ್ಲಚ್ಚು ಒತ್ತಿದಳು. ಎಲ್ಲ ಸರಿಯಾಗಿತ್ತು. ಕೈ ಬ್ಯಾಗಿನೊಳಗಿನ ಚಮಚದವರೆಗೆ ಹೋಯಿತು.

"ನೋಡೋದಿದ್ರೆ ನೋಡಿ, ದೋನ್ಯಾ ರುಬಿಯೆಲಾ," ಅಂದ ಆನ್ಸಿಸಾರ್, ನಯವಾಗಿ. "ಪೊತ್ರೊ ಅಡಿಗೆ ಇಲ್ಲೀತನಕ ಯಾರೂ ತೂರಿಲ್ಲ. ನೀವೇ ಮೊದಲು."

ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಗೆದ್ದ ಜೀಪಿನ ಅಡಿಗೆ ಯಾರೂ ತೂರುವುದಿಲ್ಲ. ಅದು ಪಾದ್ರಿಯ ನಿಲುವಂಗಿ ಎತ್ತಿ ನೋಡಿದಷ್ಟೇ ಅಸಹ್ಯ. ಒಂಬತ್ತು ಸಲ ಎದ್ದು ನಿಂತ ಗಾಡಿ ಗಟ್ಟಿಯಿರಲೇಬೇಕು ಅಂತ ಇಡೀ ಊರಿನ ತರ್ಕ. ಒಂದೂವರೆ ಟನ್ನನ್ನು ಹಿಂಬದಿಗೆ ಹೇರಿ ಒಂಬತ್ತು ಸಲ ಬೆನ್ನು ಬಗ್ಗಿಸಿದ ಮೇಲೆ ಅದರಲ್ಲಿ ಏನು ಉಳಿದಿರುತ್ತದೆ ಅಂತ ಯೋಚಿಸುವ ತಲೆ ಈ ಬೆಟ್ಟಗಳಲ್ಲಿ ಹುಟ್ಟಿಯೇ ಇಲ್ಲ. ಹುಟ್ಟಿದ್ದ ಒಂದೇ ತಲೆ ಅವತ್ತು ಬಾಚಿಕೊಂಡು, ಎಣ್ಣೆ ಹಚ್ಚಿಕೊಂಡು, ಕುದುರೆ ಚಿತ್ರ ನೋಡುತ್ತಾ ನಿಂತಿತ್ತು.

"ಬೇಡ," ಅಂದಳು. "ಪೊತ್ರೊಗೆ ಚಮಚ ಯಾಕೆ?"

ಡ್ರೈವರುಗಳಲ್ಲಿ ಒಬ್ಬ ಕೆಮ್ಮಿದ. ಇನ್ನೊಬ್ಬ ಲೋಟದೊಳಗೆ ನೋಡಿಕೊಂಡ. ಅವಳು ದುಡ್ಡು ಕೊಟ್ಟು, ಕೀಲಿ ತೆಗೆದುಕೊಂಡು, ಚೌಕಕ್ಕೆ ಮೂರು ಸುತ್ತು ಹಾಕಿದಳು. ಬದುಕಿನಲ್ಲಿ ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ, ಅದನ್ನು ಆಮೇಲೆ ಅವಳೇ ಹೇಳಿದ್ದು.

ಮೂರನೇ ಶನಿವಾರ ಬೆಳಗ್ಗೆ ಏಳನೇ ಸರದಿ ತುಂಬಿತ್ತು. ಹದಿನಾರು ಜನ, ಎಂಟು ಮೂಟೆ ಗೊಬ್ಬರ, ಒಂದು ಹೊಲಿಗೆ ಯಂತ್ರ. ಮುಂದಿನ ಸೀಟಿನಲ್ಲಿ ಮೊಟ್ಟೆ ವ್ಯಾಪಾರದ ಬ್ಲಾಂಕಾ ನೂಬಿಯಾ, ತೊಡೆಯ ಮೇಲೆ ಹಿಂದಿನ ದಿನ ಮಾರಾಟವಾಗದೆ ಉಳಿದ ಎರಡು ತಟ್ಟೆ ಮೊಟ್ಟೆ. ರುಬಿಯೆಲಾ ಹೊರಡುವಾಗ ಸಾಲಿನಲ್ಲಿ ಹಿಂದೆ ನಿಂತಿದ್ದ ಗಿಲ್ದಾರ್ದೊಗೆ ಕೇಳಿಸುವ ಹಾಗೆ ಹಾರ್ನು ಒತ್ತಿದಳು.

ಒಂಬತ್ತನೇ ಕಿಲೋಮೀಟರಿಗೆ ಕತ್ತೆಯ ತಿರುವು ಅನ್ನುತ್ತಾರೆ. ಅಲ್ಲಿ ಮುಂದಿನ ಬಲಗಾಲಿ ಒಂದು ಕಲ್ಲು ಹತ್ತಿ ಇಳಿಯಿತು. ಲಟ್ ಅಂತ ಒಂದು ಸದ್ದು. ಪೊತ್ರೊ ನಡು ಮುರಿದು, ಹೊಟ್ಟೆಯನ್ನು ರಸ್ತೆಗೆ ಊರಿ ಕುಳಿತುಬಿಟ್ಟಿತು. ಹಿಂದೆ ನೇತಾಡುತ್ತಿದ್ದ ನಾಲ್ವರು ಇದ್ದಲ್ಲೇ ನೆಲಕ್ಕೆ ಕಾಲೂರಿ ನಿಂತರು. ಗೊಬ್ಬರದ ಮೂಟೆಗಳು ಉರುಳಿದವು. ಎಡಗಡೆ ಪ್ರಪಾತ ಎರಡು ಮಾರು ದೂರದಲ್ಲಿತ್ತು. ದೇವರು ದೊಡ್ಡವನು, ಅಥವಾ ಅವತ್ತು ಅವನಿಗೆ ಬೇರೆ ಕೆಲಸವಿರಲಿಲ್ಲ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಅಂಬಲಿ ಗಡಿಗೆಗೆ ಬಿತ್ತಂತೆ. ರುಬಿಯೆಲಾ ಕೆಳಗಿಳಿದು ಗಾಡಿಯನ್ನೇ ನೋಡುತ್ತಾ ನಿಂತಳು. ಸರದಿ ಹಳ್ಳಿ ಮುಟ್ಟಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಅವಳಿಗೆ ತಂಗಿಯ ಏಪ್ರನ್ನು ಕಣ್ಣ ಮುಂದೆ ಬಂತು.

ಹತ್ತು ನಿಮಿಷಕ್ಕೆ ಫಸ್ಟ್ ಗೇರಿನ ಗೊರಗೊರ ಸದ್ದು ಕೇಳಿಸಿತು. ಮದುಮಗಳು ಬರುತ್ತಿದ್ದಳು. ಆಡಿಕೊಂಡವರ ಮುಂದೆ ಎಡವಿ ಬೀಳಬಾರದು ಅನ್ನುತ್ತಾರೆ. ಆಡಿಕೊಂಡವಳೇ ಎಡವಿ ಬಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಗಿಲ್ದಾರ್ದೊ ಇಳಿದು ಬಂದ. "ಯಾರಿಗಾದ್ರೂ ಪೆಟ್ಟಾಯ್ತಾ?"

"ಮೊಟ್ಟೆಗೆ ಮಾತ್ರ," ಅಂದಳು ಬ್ಲಾಂಕಾ ನೂಬಿಯಾ. ಅವಳ ಲಂಗದಿಂದ ಲೋಳೆ ಇಳಿಯುತ್ತಿತ್ತು.

ಅವನು ರುಬಿಯೆಲಾಳ ಕಡೆ ತಿರುಗಿದ. "ಚಮಚ ಎಲ್ಲಿ?"

"ಏನು?"

"ನಿಮ್ಮಮ್ಮನ ಚಮಚ. ತಂದಿದ್ದೀಯೋ ಇಲ್ವೋ?"

"ಬ್ಯಾಗಲ್ಲಿದೆ."

"ತೆಗಿ. ಬಡಿ."

"ಇಷ್ಟು ಜನರ ಮುಂದೆ ಬೇಡ, ದೋನ್ ಗಿಲ್ದಾರ್ದೊ."

"ನನ್ನ ಗಾಡಿಗೆ ಚೌಕದಲ್ಲೇ ಬಡಿದೆಯಲ್ಲ. ಇದಕ್ಕೆ ಬೆಟ್ಟದಲ್ಲಾದ್ರೂ ಬಡಿ."

ಇಪ್ಪತ್ತು ವರ್ಷದಲ್ಲಿ ಅವನು ಅವಳಿಗೆ ಕೊಟ್ಟ ಮೊದಲ ಉತ್ತರ ಅದು. ಹದಿನಾರು ಜನ ಅವಳ ಪ್ರಯಾಣಿಕರು, ಹತ್ತು ಜನ ಅವನವರು. ರುಬಿಯೆಲಾ ಮಂಡಿಯೂರಿ ಕುಳಿತು, ಕೈ ಚಾಚಿ ಬಡಿದಳು. ದಪ್. ಇನ್ನೊಂದು ಗೇಣು ಮುಂದೆ. ದಪ್. ಮೂರನೇ ಸಲಕ್ಕೆ ಪುಟ್ಟಿ ಕಳಚಿ ಬಿತ್ತು. ಅದರ ಅಡಿಯಲ್ಲಿ ಪಟ್ಟಿಯ ಮೇಲೆ ಪಟ್ಟಿ, ವೆಲ್ಡಿಂಗಿನ ಮೇಲೆ ವೆಲ್ಡಿಂಗು, ಒಂದು ಮೊಳ ಉದ್ದಕ್ಕೆ ಕಬ್ಬಿಣವೇ ಇರಲಿಲ್ಲ, ಬರೀ ತೇಪೆ ಇತ್ತು.

"ಈಗ ನನ್ನದಕ್ಕೆ."

ಅವಳು ಮದುಮಗಳ ಅಡಿಗೆ ಕೈ ಹಾಕಿ ಬಡಿದಳು. ಠಣ್ ಅಂದದ್ದು ಕಣಿವೆಗೆಲ್ಲ ಕೇಳಿಸಿತು. ಇಲ್ಲಿ ನಗುವವರು ಯಾರೂ ಇರಲಿಲ್ಲ, ಹಾಗಾಗಿ ಎಲ್ಲರಿಗೂ ಕಿವಿ ಇತ್ತು.

"ಏನು ಹೇಳ್ತು?"

"ಗಟ್ಟಿ ಇದೆ."

"ಅವತ್ತು ಏನು ಹೇಳ್ತು?"

"ಅವತ್ತೂ ಗಟ್ಟಿನೇ ಇತ್ತು."

"ನಿನಗೆ ಗೊತ್ತಿತ್ತಾ?"

ಅವಳು ಟವೆಲಿನಿಂದ ಚಮಚ ಒರೆಸಿದಳು. "ಗೊತ್ತಿತ್ತು."

ಗಿಲ್ದಾರ್ದೊ ತಲೆಯಾಡಿಸಿ ಜೇಬಿನಿಂದ ಕೀಲಿ ತೆಗೆದ. "ಹತ್ತು. ನಿನ್ನ ಸರದಿ, ನಿನ್ನ ಜನ. ಮೊದಲು ಅವರನ್ನ ಮುಟ್ಟಿಸು, ಆಮೇಲೆ ನನ್ನವರು. ಹತ್ತೇ ಜನ, ನೆನಪಿರಲಿ."

ಎರಡು ಸುತ್ತಿನಲ್ಲಿ ಅವಳು ತನ್ನ ಜನರನ್ನು ಮುಟ್ಟಿಸಿದಳು. ಅವನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅವಳು ಸೆಕೆಂಡ್ ಗೇರಿಗೆ ಕೈ ಹಾಕಿದಾಗಲೆಲ್ಲ ಸಣ್ಣಗೆ ಕೆಮ್ಮುತ್ತಿದ್ದ. ಎರಡನೇ ಸುತ್ತಿನಲ್ಲಿ ಹಿಂದೆ ಕೂತ ಬ್ಲಾಂಕಾ ನೂಬಿಯಾ ಸುಮ್ಮನಿರಲಾರದೆ ಹೇಳಿದಳು.

"ಆ ತೇಪೆ ಹಾಕಿದ್ದು ನನ್ನ ಮೈದುನನೇ. ಹೋದ ವರ್ಷ ಒಂದ್ಸಲ, ಈ ವರ್ಷ ಎರಡ್ಸಲ. ಸಾಲಿನವರಿಗೆಲ್ಲ ಗೊತ್ತು."

ರುಬಿಯೆಲಾ ಬ್ರೇಕು ಒತ್ತಿ ಹಿಂದಕ್ಕೆ ತಿರುಗಿದಳು. "ಎಲ್ಲರಿಗೂ?"

"ಎಲ್ಲರಿಗೂ. ನೀನು ಅವರ ಗಾಡಿಗಳನ್ನ ಬಿಟ್ಟಿದ್ಯಾ, ಅವರು ನಿನಗೆ ಹೇಳೋಕೆ?"

"ಗೊತ್ತಿದ್ದೂ ನೀನು ಹತ್ತಿದ್ಯಲ್ಲ, ಮಾರಾಯ್ತಿ."

"ನೀನು ಚಮಚ ಬಡಿದಿರ್ತೀಯ ಅಂದ್ಕೊಂಡೆ," ಅಂದಳು ಬ್ಲಾಂಕಾ ನೂಬಿಯಾ. "ರುಬಿಯೆಲಾನೇ ತಗೊಂಡಳು ಅಂದ್ರೆ ಸರಿಯಾಗಿರುತ್ತೆ ಅಂತ ಹತ್ತಿದೆ."

ಬೈಗುಳಕ್ಕೆ ಅವಳಲ್ಲಿ ಉತ್ತರವಿತ್ತು. ನಂಬಿಕೆಗೆ ಇರಲಿಲ್ಲ. ಉಳಿದ ದಾರಿಯುದ್ದಕ್ಕೂ ಅವಳು ಸೆಕೆಂಡ್ ಗೇರಿಗೆ ಕೈ ಹಾಕಲಿಲ್ಲ. ನಾಚಿಕೆಯಿಂದ ಅವಳ ಕುತ್ತಿಗೆ ಕೆಂಪಾಗಿದ್ದನ್ನು ಹಿಂದೆ ಕೂತವರೆಲ್ಲ ನೋಡಿದರು.

ಏಳನೇ ಸರದಿ ಹಳ್ಳಿ ಮುಟ್ಟಿತ್ತು, ಮುಟ್ಟಿಸಿದವಳು ಅವಳೇ. ಯಾರ ಜೀಪು ಅಂತ ಕಟ್ಟಳೆ ಕೇಳುವುದಿಲ್ಲ. ಸರದಿ ಉಳಿಯಿತು. ಪಟ್ಟಿಯ ಹನ್ನೊಂದು ಜನ ನಾಲಿಗೆ ಒಳಗೆ ಎಳೆದುಕೊಂಡರು.

ದುಡ್ಡು ವಾಪಸ್ಸು ಕೇಳಲು ಹೋದಾಗ ಆನ್ಸಿಸಾರ್, "ನೀವು ಚಮಚ ತೆಗೀಲಿಲ್ಲ, ನಾನು ಬಾಯಿ ತೆಗೀಲಿಲ್ಲ, ಸರಿಗೆ ಸರಿ," ಅಂದ. ಅವಳು ಒಂದು ಸ್ಟೂಲು ತಂದು ಅವನ ಮನೆ ಬಾಗಿಲ ಮುಂದೆ ಹಾಕಿಕೊಂಡು ಕೂತಳು. ಹೋಗುವವರಿಗೆ ಬರುವವರಿಗೆಲ್ಲ ತೇಪೆಯ ಉದ್ದವನ್ನು ಮೊಳಗೈಯಲ್ಲಿ ತೋರಿಸಿದಳು. ಮಧ್ಯಾಹ್ನದ ಊಟದೊಳಗೆ ಅವನ ಹೆಂಡತಿಯೇ ದುಡ್ಡು ತಂದು ಮಡಿಲಿಗೆ ಹಾಕಿದಳು. ಒಂಬತ್ತು ವರ್ಷದ ವೀರ ಕಿಟಕಿಯ ಪರದೆ ಹಿಂದೆ ನಿಂತಿದ್ದ.

ಆ ದುಡ್ಡನ್ನು ಹಾಗೇ ತೆಗೆದುಕೊಂಡು ಅವಳು ಗಿಲ್ದಾರ್ದೊನ ಮನೆಗೆ ಹೋದಳು. ಅವನು ಅಂಗಳದಲ್ಲಿ ಪೈಪು ಹಿಡಿದು ಜೀಪಿನ ಅಡಿ ತೊಳೆಯುತ್ತಿದ್ದ, ನೀರು ಎಲ್ಲೆಲ್ಲೋ ಬೀಳುತ್ತಿತ್ತು.

"ಹೋಟೆಲಿನವರಿಗೆ ಮಾತು ಕೊಟ್ರಾ?"

"ಇಲ್ಲ."

"ಹಾಗಾದ್ರೆ ನನಗೆ ಕೊಡಿ." ದುಡ್ಡು ಮುಂದೆ ಹಿಡಿದು ಸೇರಿಸಿದಳು, "ಚೆನ್ನಾಗಿದೆ ಗಾಡಿ."

ಅವನು ನೀರು ನಿಲ್ಲಿಸಿದ. "ಬೆಲೆ ಅವತ್ತು ಅಂದ ಹಾಗೆ ನೀನೇ ಹೇಳು. ಜತೆಗೆ ಚಮಚ ಕೊಡು."

"ಚಮಚ ಯಾಕೆ ನಿಮಗೆ?"

"ನನಗೆ ಕಣ್ಣಿಲ್ಲ, ಕಿವಿ ಇದೆ. ನಿನ್ನ ಹತ್ತಿರ ಇದ್ದು ಏನು ಉಪಯೋಗ, ಮಗಳೇ? ಅದು ಹೇಳಿದ್ದನ್ನ ನೀನು ಕೇಳಲ್ಲ."

ಅಮ್ಮ ಬಡಿಸುತ್ತಿದ್ದ ಚಮಚ. ಅವಳಿಗೆ ಅಳು ಬಂತು, ಈ ಸಲ ಧೂಳು ಅನ್ನಲಿಲ್ಲ. ಬ್ಯಾಗಿನಿಂದ ತೆಗೆದು, ಒರೆಸಿ, ಅವನ ಒದ್ದೆ ಕೈಯಲ್ಲಿ ಇಟ್ಟಳು.

ಈಗ ಜೀಪು ಕೊಳ್ಳುವವರು ಗಿಲ್ದಾರ್ದೊನನ್ನು ಕರೆಯುತ್ತಾರೆ. ಅವನು ಬಡಿದು, ಕಿವಿಗೊಟ್ಟು, "ಗಟ್ಟಿ" ಅನ್ನುತ್ತಾನೆ ಅಥವಾ "ಬೇಡ" ಅನ್ನುತ್ತಾನೆ, ಅಷ್ಟೇ. ಬೈಗುಳ ಇಲ್ಲದ್ದರಿಂದ ಕೆಲವರಿಗೆ ಬೇಜಾರು. ಪೊತ್ರೊ ಹೋಟೆಲಿನ ಅಂಗಳ ಸೇರಿತು. ಬಾನೆಟ್ಟಿನ ಕುದುರೆಯ ಸುತ್ತ ಜಿರೇನಿಯಂ ಹೂವು ಚೆನ್ನಾಗಿ ಬಂದಿದೆ ಅನ್ನುತ್ತಾರೆ.

ಮದುಮಗಳು ಈಗ ಏಳನೇ ಸರದಿಯಲ್ಲಿ ನಿಲ್ಲುತ್ತಾಳೆ. ಅದು ಫಸ್ಟ್ ಗೇರಿನಲ್ಲಿ ಚೌಕಕ್ಕೆ ಇಳಿದಾಗ ಡ್ರೈವರುಗಳು ದಿನವೂ "ದಾರಿ ಬಿಡ್ರಪ್ಪೋ" ಅಂತ ಕೂಗುತ್ತಾರೆ. ಅಷ್ಟು ಧೈರ್ಯ ಬರುವುದಕ್ಕೆ ಅವರಿಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ಹೊರಡುವ ಹೊತ್ತಿಗೆ ಗಿಲ್ದಾರ್ದೊ ಬೆಂಚಿನಿಂದ ಎದ್ದು, ಕೋಲೂರಿಕೊಂಡು ಬಂದು, ಬಂಪರನ್ನು ಕೈಯಲ್ಲಿ ತಡವಿ, ಬಗ್ಗಿ ಚಾಸಿಗೆ ಚಮಚ ಬಡಿಯುತ್ತಾನೆ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ರಾತ್ರಿ ಕಳೆಯುವುದರೊಳಗೆ ಕಬ್ಬಿಣ ಹಾಳಾಗುವುದಿಲ್ಲ ಅಂತ ಅವನಿಗೂ ಗೊತ್ತು, ಅವಳಿಗೂ ಗೊತ್ತು. ರುಬಿಯೆಲಾ ಸ್ಟೇರಿಂಗ್ ಹಿಡಿದು, ಹಲ್ಲು ಕಚ್ಚಿ, ಮುಂದೆ ನೋಡುತ್ತಾ ಕೂತಿರುತ್ತಾಳೆ. ಹಿಂದೆ ಹತ್ತು ಜನ. ಅವನು "ಹೋಗು" ಅನ್ನುವವರೆಗೆ ಕ್ಲಚ್ಚು ಬಿಡುವುದಿಲ್ಲ.